ಬೆಂಕಿಯನ್ನು ಅದರ ಪಾಡಿಗೆ ಬಿಡಲು ಬೇಕಾಗುವ ನಕ್ಷೆ

1972ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಐಡಾಹೋ ರಾಜ್ಯದ ಸೆಲ್ವೇ-ಬಿಟರ್‌ರೂಟ್ ವನ್ಯಪ್ರದೇಶದಲ್ಲಿ, ಬ್ಯಾಡ್ ಲಕ್ ಎಂಬ ಹೆಸರಿನ ತೊರೆಯೊಂದರ ಬಳಿ ಸಿಡಿಲಿನಿಂದ ಬೆಂಕಿ ಹೊತ್ತಿಕೊಂಡಿತು. ಅದನ್ನು ನಂದಿಸಲು ಯಾರೂ ಹೋಗಲಿಲ್ಲ. ಹೋಗಲಾಗದೆ ಅಲ್ಲ, ಹೋಗಬಾರದೆಂದು ತೀರ್ಮಾನಿಸಿ. ಕೆಲವು ದಿನಗಳ ನಂತರ, ಒಂದು ಎಕರೆಯನ್ನೂ ತುಂಬದೆ, ಅದು ತಾನಾಗಿಯೇ ಆರಿತು. ಇಷ್ಟನ್ನು ಕೇಳಿ ನೀವು ಇದರಲ್ಲಿ ಹೇಳುವಂಥದ್ದು ಏನಿದೆ ಎಂದುಕೊಂಡರೆ ತಪ್ಪಲ್ಲ. ಆದರೆ ಅಮೆರಿಕದ ಅರಣ್ಯ ಸೇವೆಯ ಮಟ್ಟಿಗೆ, ಅನುಮೋದಿತ ಯೋಜನೆಯೊಂದರ ಅಡಿಯಲ್ಲಿ ಗೊತ್ತಿದ್ದೇ ಉರಿಯಲು ಬಿಟ್ಟ ಮೊದಲ ಬೆಂಕಿ ಅದು. ಆ ತೀರ್ಮಾನದ ಹಿಂದೆ ಇಬ್ಬರು ಸಂಶೋಧಕರು 1970ರಿಂದ ಅದೇ ಕಣಿವೆಯಲ್ಲಿ ತಿರುಗಾಡಿ ಕೈಯಾರೆ ಸಿದ್ಧಪಡಿಸಿದ್ದ ನಕ್ಷೆಗಳಿದ್ದವು. ಯಾವ ಇಳಿಜಾರಿನಲ್ಲಿ ಯಾವ ಮರ, ಬಿಸಿಲಿಗೆ ಮುಖ ಮಾಡಿದ ಮಗ್ಗುಲು ಯಾವುದು, ಹಿಂದೆ ಎಲ್ಲೆಲ್ಲಿ ಎಷ್ಟು ವರ್ಷಕ್ಕೊಮ್ಮೆ ಬೆಂಕಿ ಬಿದ್ದಿತ್ತು ಎಂಬುದನ್ನು ಅವರು ಗುರುತಿಸಿ, ಕಣಿವೆಯನ್ನು ವಲಯಗಳಾಗಿ ವಿಂಗಡಿಸಿದ್ದರು. ಅವರು ಗಣಕಯಂತ್ರದ ಸಹಾಯವಿಲ್ಲದೆ ಮಾಡಿದ ಆ ಕೆಲಸವನ್ನು ಇಂದು ನಾವು ಗಣಕದಲ್ಲಿ, ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್, ಎಂಬ ಹೆಸರಿನಲ್ಲಿ ಮಾಡುತ್ತೇವೆ.

ಬೆಂಕಿಯನ್ನು ನಂದಿಸುವ ತೀರ್ಮಾನಕ್ಕೆ ಯಾರೂ ಪುರಾವೆ ಕೇಳುವುದಿಲ್ಲ. ನಂದಿಸದೆ ಬಿಡುವ ತೀರ್ಮಾನಕ್ಕೆ ಎಲ್ಲರೂ ಕೇಳುತ್ತಾರೆ. ವನ್ಯಪ್ರದೇಶದಲ್ಲಿ ನಕ್ಷೆಯ ಮುಖ್ಯ ಉಪಯೋಗ ಬೆಂಕಿಯೊಡನೆ ಎಲ್ಲಿ ಹೋರಾಡಬೇಕೆಂದು ತೋರಿಸುವುದಲ್ಲ, ಎಲ್ಲಿ ಹೋರಾಡಬೇಕಾಗಿಲ್ಲ ಎಂಬುದನ್ನು ಸಾಧಾರವಾಗಿ ತೋರಿಸುವುದು ಎಂಬ ನನ್ನ ಅಭಿಪ್ರಾಯದ ಸುತ್ತಲೇ ಇಂದಿನ ಮಾತುಗಳಿವೆ.

ವನ್ಯಪ್ರದೇಶ ಎಂಬ ಪದವನ್ನು ನಾನು ಇಲ್ಲಿ ಕಾನೂನಿನ ಅರ್ಥದಲ್ಲಿ ಬಳಸುತ್ತಿದ್ದೇನೆ. 1964ರ ಸೆಪ್ಟೆಂಬರ್ 3ರಂದು ಅಮೆರಿಕದಲ್ಲಿ ಜಾರಿಗೆ ಬಂದ ವಿಲ್ಡರ್‌ನೆಸ್ ಕಾಯ್ದೆಯು ಕೆಲವು ಪ್ರದೇಶಗಳಲ್ಲಿ ರಸ್ತೆ, ವಾಹನ, ಯಂತ್ರ, ಶಾಶ್ವತ ಕಟ್ಟಡ ಇವುಗಳನ್ನು ನಿಷೇಧಿಸಿ, ಅಲ್ಲಿ ಪ್ರಕೃತಿಯ ಶಕ್ತಿಗಳೇ ಮುಖ್ಯವಾಗಿ ಕೆಲಸ ಮಾಡುತ್ತಿರಬೇಕು ಎಂದು ಹೇಳುತ್ತದೆ. ಅದೇ ಕಾಯ್ದೆ, ಬೆಂಕಿಯನ್ನು ಹತೋಟಿಗೆ ತರಲು ಅಗತ್ಯವಾದ ಕ್ರಮಗಳನ್ನು ಕೈಗೊಳ್ಳಬಹುದು ಎಂದೂ ಹೇಳುತ್ತದೆ. ಈ ಎರಡು ಮಾತುಗಳ ನಡುವಿನ ಜಾಗದಲ್ಲಿ, ವನ್ಯಪ್ರದೇಶವನ್ನು ನೋಡಿಕೊಳ್ಳುವ ವ್ಯವಸ್ಥಾಪಕ ನಿಂತಿರುತ್ತಾನೆ. ಅವನ ಬೆನ್ನ ಹಿಂದೆ ಬೇರೊಂದು ಇತಿಹಾಸವೂ ಇದೆ. 1910ರಲ್ಲಿ ಐಡಾಹೋ, ಮಾಂಟಾನಾ, ವಾಷಿಂಗ್ಟನ್ ಪ್ರದೇಶದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟ ಮಹಾಗ್ನಿಯ ನಂತರ ಅರಣ್ಯ ಸೇವೆ ಬೆಂಕಿಯನ್ನು ಶತ್ರುವೆಂದೇ ಬಗೆಯಿತು. 1935ರಲ್ಲಿ, ಯಾವುದೇ ಬೆಂಕಿಯನ್ನು ಅದು ಕಂಡ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕೆಂಬ ನಿಯಮವನ್ನು ಮಾಡಿತು. ಆ ನಿಯಮಕ್ಕೆ ಗಡಿಯಾರ ಸಾಕಾಗಿತ್ತು, ನಕ್ಷೆ ಬೇಕಿರಲಿಲ್ಲ. 1978ರಲ್ಲಿ ಅದನ್ನು ಕೈಬಿಟ್ಟಾಗಲೇ ಪ್ರತಿಯೊಂದು ಬೆಂಕಿಯನ್ನೂ ಅದು ಹುಟ್ಟಿದ ಜಾಗದ ಲೆಕ್ಕದಲ್ಲಿ ನೋಡುವ ಅನಿವಾರ್ಯತೆ ಬಂದಿತು.

ಸಿಡಿಲು ಬಡಿದ ದಿನ ವ್ಯವಸ್ಥಾಪಕನ ಮುಂದೆ ಬರುವ ಪ್ರಶ್ನೆಗಳನ್ನು ಗಮನಿಸಿ. ಈ ಬೆಂಕಿ ಎಲ್ಲಿಯವರೆಗೆ ಹೋಗಬಹುದು? ಮಳೆಯೋ ಹಿಮವೋ ಬಂದು ಬೆಂಕಿಯ ಋತು ಮುಗಿಯುವುದರೊಳಗೆ ವನ್ಯಪ್ರದೇಶದ ಗಡಿಯನ್ನು ದಾಟಬಹುದೇ? ದಾಟಿದರೆ ಅಲ್ಲಿ ಏನಿದೆ? ದಾರಿಯಲ್ಲಿ ಅದನ್ನು ತಡೆಯುವಂಥದ್ದು ಏನಾದರೂ ಇದೆಯೇ? ನಾಲ್ಕೂ ಸ್ಥಳದ ಪ್ರಶ್ನೆಗಳೇ.

ಮೊದಲನೆಯದಕ್ಕೆ ಉತ್ತರಿಸಲು ಬಳಸುವ ಬೆಂಕಿ ಹರಡುವಿಕೆಯ ಗಣಕ ಮಾದರಿಗಳು ಎಂಟು ಪದರಗಳ, ಅಂದರೆ ಒಂದೊಂದೇ ಅಳತೆಯನ್ನು ತೋರಿಸುವ ಎಂಟು ನಕ್ಷೆಗಳ, ಮೇಲೆ ನಿಂತಿವೆ: ಎತ್ತರ, ಇಳಿಜಾರು, ಇಳಿಜಾರಿನ ಮುಖ, ನೆಲದ ಇಂಧನದ (ಅಲ್ಲಿ ಉರಿಯಬಲ್ಲ ಹುಲ್ಲು, ಎಲೆ, ದಿಮ್ಮಿಗಳ) ಬಗೆ, ಮರಗಳ ಹಂದರದ ದಟ್ಟಣೆ, ಹಂದರದ ಎತ್ತರ, ಹಂದರ ನೆಲದಿಂದ ಎಷ್ಟು ಮೇಲೆ ಶುರುವಾಗುತ್ತದೆ ಎಂಬ ಅಳತೆ, ಮತ್ತು ಹಂದರದಲ್ಲಿ ಉರಿಯಬಲ್ಲ ಎಲೆ-ಕಡ್ಡಿಯ ಸಾಂದ್ರತೆ. ಮೊದಲ ಮೂರು ಭೂಮಿಯ ಆಕಾರಕ್ಕೆ ಸೇರಿದವು, ಬಹುಕಾಲ ಬದಲಾಗುವುದಿಲ್ಲ, ಅವುಗಳ ಬಗ್ಗೆ ಜಗಳವೂ ಇಲ್ಲ. ಉಳಿದ ಐದು ಬೆಳೆಯುವ, ಸಾಯುವ ಸಸ್ಯಗಳಿಗೆ ಸಂಬಂಧಿಸಿದವು. ತೊಂದರೆ ಇರುವುದು ಅಲ್ಲಿ. ಅಮೆರಿಕದಲ್ಲಿ ಲ್ಯಾಂಡ್‌ಫೈರ್ ಎಂಬ ಯೋಜನೆಯು ಈ ಪದರಗಳನ್ನು ಇಡೀ ದೇಶಕ್ಕೆ, 30 ಮೀಟರ್ ಚೌಕಗಳಲ್ಲಿ ಒದಗಿಸುತ್ತದೆ. ಪ್ರತಿ ಚೌಕಕ್ಕೂ ಒಂದು ಇಂಧನ ಮಾದರಿಯ ಸಂಖ್ಯೆ ಇರುತ್ತದೆ. 2005ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಅಂಥ 40 ಉರಿಯುವ ಮಾದರಿಗಳಿವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇಂಧನ ಮಾದರಿ ಎಂದರೆ ಆ ಜಾಗದಲ್ಲಿ ಬೆಳೆದ ಗಿಡದ ಹೆಸರಲ್ಲ. ಅಲ್ಲಿ ಬೆಂಕಿ ಹೇಗೆ ನಡೆದುಕೊಳ್ಳಬಹುದು ಎಂಬ ಅಂದಾಜಿನ ಸಂಕೇತ. ಒಂದೇ ಜಾತಿಯ ಪೈನ್ ಮರಗಳ ಎರಡು ತೋಪುಗಳಿಗೆ, ಒಂದರ ಬುಡದಲ್ಲಿ ಹುಲ್ಲು, ಇನ್ನೊಂದರ ಬುಡದಲ್ಲಿ ಬಿದ್ದ ದಿಮ್ಮಿಗಳು ಇರುವ ಕಾರಣಕ್ಕೆ, ಬೇರೆ ಬೇರೆ ಸಂಖ್ಯೆ ಬರಬಹುದು. ಉಪಗ್ರಹ ಮೇಲಿನಿಂದ ನೋಡುವುದು ಹಂದರವನ್ನು. ಬೆಂಕಿ ಹರಿದಾಡುವುದು ಬಹುಪಾಲು ಹಂದರದ ಕೆಳಗೆ. ಮೇಲಿನದನ್ನು ನೋಡಿ ಕೆಳಗಿನದನ್ನು ಊಹಿಸಿದ ಪದರವನ್ನೇ ನಾವು ದತ್ತಾಂಶ ಎನ್ನುತ್ತಿದ್ದೇವೆ ಎಂಬುದನ್ನು ನಕ್ಷೆಯ ಬಣ್ಣಗಳು ಮರೆಸುತ್ತವೆ. ಬಣ್ಣ ಬಳಿದ ಊಹೆ ಬಣ್ಣವಿಲ್ಲದ ಊಹೆಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ನಕ್ಷೆ ಮಾಡುವವರಾದ ನಾವು ಇದರ ಲಾಭವನ್ನು ಎಷ್ಟೋ ಸಲ ಪಡೆದಿದ್ದೇವೆ ಎಂದು ಒಪ್ಪಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ.

ಎರಡನೆಯ ಪ್ರಶ್ನೆ, ಅಂದರೆ ಋತುವಿನ ಕೊನೆಯೊಳಗೆ ಬೆಂಕಿ ಗಡಿಯನ್ನು ದಾಟುತ್ತದೆಯೇ ಎಂಬುದು, 1988ರಲ್ಲಿ ಅತ್ಯಂತ ಕಠಿಣ ರೂಪದಲ್ಲಿ ಎದುರಾಯಿತು. ಆ ವರ್ಷದ ಯೆಲ್ಲೋಸ್ಟೋನ್ ಬೆಂಕಿಗಳ ವಿಷಯ ನಿಮ್ಮಲ್ಲಿ ಬಹಳ ಮಂದಿಗೆ ತಿಳಿದಿರುತ್ತದೆ; ಆ ಉದ್ಯಾನದ ಸುಮಾರು 36 ಪ್ರತಿಶತ ಭಾಗಕ್ಕೆ ಬೆಂಕಿ ತಗುಲಿತು, ಸೆಪ್ಟೆಂಬರ್ ಎರಡನೆಯ ವಾರ ಬಿದ್ದ ಹಿಮವೇ ಅದನ್ನು ತಣಿಸಿತು. ಆದರೆ ನಕ್ಷೆಯ ದೃಷ್ಟಿಯಿಂದ ಹೆಚ್ಚು ಕಲಿಸುವುದು ಅದೇ ವರ್ಷ ಮಾಂಟಾನಾದಲ್ಲಿ ಉರಿದ ಕ್ಯಾನ್ಯನ್ ಕ್ರೀಕ್ ಬೆಂಕಿ. ಜೂನ್ ಕೊನೆಯಲ್ಲಿ ಸ್ಕೇಪ್‌ಗೋಟ್ ವನ್ಯಪ್ರದೇಶದಲ್ಲಿ ಸಿಡಿಲಿನಿಂದ ಹುಟ್ಟಿದ ಅದನ್ನು ಯೋಜನೆಯ ಪ್ರಕಾರ ಉರಿಯಲು ಬಿಟ್ಟಿದ್ದರು. ವಾರಗಟ್ಟಲೆ ಅದು ಸಣ್ಣದಾಗಿಯೇ ಹೊಗೆಯಾಡಿತು. ಆಮೇಲೆ ಸೆಪ್ಟೆಂಬರ್ 6ರ ರಾತ್ರಿ ಪರ್ವತಗಳನ್ನು ದಾಟಿ ಬಂದ ಬಿರುಗಾಳಿಗೆ ಸಿಕ್ಕಿ, ಸುಮಾರು 16 ಗಂಟೆಗಳಲ್ಲಿ 1,80,000 ಎಕರೆಯಷ್ಟು ಓಡಿ, ವನ್ಯಪ್ರದೇಶದ ಪೂರ್ವದ ಗಡಿಯಾಚೆಗೆ, ಹುಲ್ಲುಗಾವಲಿನ ಬಯಲಿಗೆ ಹೊರಬಿತ್ತು. ಒಟ್ಟು ಸುಟ್ಟ ಜಾಗ ಸುಮಾರು 2.5 ಲಕ್ಷ ಎಕರೆ.

ಆ ಬೆಂಕಿಯ ಬದುಕನ್ನು ಒಂದು ನಕ್ಷೆಯ ಮೇಲೆ ದಿನದಿನದ ಗೆರೆಗಳಾಗಿ ಎಳೆದರೆ, ಎರಡು ತಿಂಗಳ ಗೆರೆಗಳು ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ಒಂದೇ ದಿನದ ಗೆರೆ ಪುಟದ ಅಂಚಿಗೆ ಹೋಗಿ ನಿಲ್ಲುತ್ತದೆ. ಆ ಕಾಲದ ವ್ಯವಸ್ಥಾಪಕರು ಮಾಡಿದ ತಪ್ಪೇನು ಎಂದು ಕೇಳಿದರೆ, ಸಾಧಾರಣ ದಿನವನ್ನು ಆಧಾರವಾಗಿಟ್ಟುಕೊಂಡು ಯೋಚಿಸಿದ್ದು ಎಂದಷ್ಟೇ ಹೇಳಬಹುದು. ಬೇರೆ ರೀತಿಯಲ್ಲಿ ಯೋಚಿಸಲು ಅವರ ಕೈಯಲ್ಲಿ ಉಪಕರಣವಿರಲಿಲ್ಲ. ಬೆಂಕಿಯ ಹರಡುವಿಕೆಯನ್ನು ಸರಾಸರಿಯಿಂದ ಅಳೆಯಬಾರದು, ಅಪರೂಪದ ದಿನದಿಂದ ಅಳೆಯಬೇಕು ಎಂಬ ಪಾಠ 1988 ಕಲಿಸಿದ್ದು.

ಇಂದು ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದು ಎಫ್‌ಎಸ್‌ಪ್ರೋ ಎಂಬ ತಂತ್ರಾಂಶದಿಂದ. ಅಮೆರಿಕದ ಕೇಂದ್ರ ಸಂಸ್ಥೆಗಳು 2009ರ ಹೊತ್ತಿಗೆ ರೂಢಿಗೆ ತಂದ ಬೆಂಕಿ ನಿರ್ಧಾರ ಬೆಂಬಲ ವ್ಯವಸ್ಥೆಯ ಒಂದು ಭಾಗ ಅದು. ಅದರ ಕೆಲಸ ಹೀಗೆ ನಡೆಯುತ್ತದೆ. ಹತ್ತಿರದ ಹವಾಮಾನ ಕೇಂದ್ರದ ಹಲವು ವರ್ಷಗಳ ದಾಖಲೆಯಿಂದ, ಮುಂದಿನ ಕೆಲವು ವಾರಗಳಲ್ಲಿ ಬರಬಹುದಾದ ಹವೆಯ ನೂರಾರು, ಸಾವಿರಾರು ಸರಣಿಗಳನ್ನು ಕಟ್ಟುತ್ತಾರೆ. ಪ್ರತಿ ಸರಣಿಯಲ್ಲೂ ಇವತ್ತಿನ ಬೆಂಕಿಯ ಅಂಚಿನಿಂದ ಬೆಂಕಿಯನ್ನು ಗಣಕದಲ್ಲಿ ಓಡಿಸುತ್ತಾರೆ. ಕೊನೆಗೆ ಒಂದೊಂದು ಚೌಕವೂ ಸಾವಿರ ಓಟಗಳಲ್ಲಿ ಎಷ್ಟು ಸಲ ಸುಟ್ಟಿತು ಎಂದು ಎಣಿಸುತ್ತಾರೆ. ಆ ಎಣಿಕೆಯೇ ನಕ್ಷೆ.

ಈ ನಕ್ಷೆಯನ್ನು ಓದುವುದರಲ್ಲಿ ಜನ ತಪ್ಪುವುದು ಬಹುತೇಕ ಒಂದೇ ರೀತಿಯಲ್ಲಿ. ನಡುವೆ ಕೆಂಪು, ಸುತ್ತ ಕಿತ್ತಳೆ, ಹೊರಗೆ ಹಸಿರು, ನೀಲಿ ಹೀಗೆ ಪದರ ಪದರವಾಗಿ ಕಾಣುವ ಚಿತ್ರವನ್ನು ಅವರು ಬೆಂಕಿ ಮುಂದೆ ತಾಳಲಿರುವ ಆಕಾರವೆಂದು ತಿಳಿಯುತ್ತಾರೆ. ಯಾವ ಬೆಂಕಿಯೂ ಆ ಆಕಾರವನ್ನು ತಾಳುವುದಿಲ್ಲ. ಅದು ಸಾವಿರ ಬೇರೆ ಬೇರೆ ಆಕಾರಗಳನ್ನು ಒಂದರ ಮೇಲೊಂದು ಇಟ್ಟಾಗ ಕಾಣುವ ನೆರಳು. ಹೊರಗಿನ ನೀಲಿ ಪಟ್ಟಿಯಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಸಂಭವ ಇರಬಹುದು. ಆದರೆ ಕ್ಯಾನ್ಯನ್ ಕ್ರೀಕ್‌ನ ಆ ರಾತ್ರಿ ಅಂಥ ನೀಲಿ ಪಟ್ಟಿಯಲ್ಲೇ ಬೆಂಕಿ ಓಡಿತ್ತು ಎನ್ನಬೇಕು. ಇನ್ನೊಂದು ವಿಷಯವನ್ನೂ ಮರೆಯಬಾರದು: ಈ ಓಟಗಳಲ್ಲಿ ಬೆಂಕಿಯನ್ನು ತಡೆಯುವವರು ಯಾರೂ ಇರುವುದಿಲ್ಲ. ಹಾಗಾಗಿ ವನ್ಯಪ್ರದೇಶದ ಮಟ್ಟಿಗೆ ಇದು ಬೇರೆಲ್ಲೆಡೆಗಿಂತ ಹೆಚ್ಚು ಪ್ರಾಮಾಣಿಕವಾದ ನಕ್ಷೆ.

ಗಡಿಯಾಚೆ ಏನಿದೆ ಎಂಬ ಮೂರನೆಯ ಪ್ರಶ್ನೆಗೆ ಮನೆ, ಸೇತುವೆ, ವಿದ್ಯುತ್ ತಂತಿ, ಕುಡಿಯುವ ನೀರಿನ ಜಲಾನಯನ ಇವುಗಳ ಪದರಗಳು ಸಾಕು. ಇವುಗಳನ್ನು ಗುರುತಿಸುವುದು ಶ್ರಮದ ಕೆಲಸವೇ ಹೊರತು ಕಷ್ಟದ ಕೆಲಸವಲ್ಲ. ಆದರೆ ಅಂಥ ನಕ್ಷೆಗಳಲ್ಲಿ ನಷ್ಟದ ಪದರ ಇರುತ್ತದೆ, ಲಾಭದ ಪದರ ಇರುವುದಿಲ್ಲ. ಬೆಂಕಿಯಿಂದ ಕಾಡಿಗೆ ಆಗುವ ಒಳಿತನ್ನು ನಕ್ಷೆಯಲ್ಲಿ ತೋರಿಸದಿದ್ದರೆ, ತಕ್ಕಡಿಯ ಒಂದೇ ತಟ್ಟೆಯಲ್ಲಿ ತೂಕ ಇಟ್ಟು ನಿರ್ಣಯ ಕೇಳಿದಂತಾಗುತ್ತದೆ. ಕ್ಯಾಲಿಫೋರ್ನಿಯಾದ ಸೆಕೋಯಾ ಮತ್ತು ಕಿಂಗ್ಸ್ ಕ್ಯಾನ್ಯನ್ ಉದ್ಯಾನಗಳಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಅರಣ್ಯ ಸೇವೆಗಲ್ಲ, ರಾಷ್ಟ್ರೀಯ ಉದ್ಯಾನ ಸೇವೆಗೆ ಸೇರಿದ, 1968ರಲ್ಲಿಯೇ ಸಿಡಿಲಿನ ಬೆಂಕಿಯನ್ನು ಉರಿಯಲು ಬಿಟ್ಟ ಜಾಗ ಅದು. ಮರದ ಕಾಂಡದಲ್ಲಿ ಉಳಿದ ಸುಟ್ಟ ಕಲೆಗಳನ್ನೂ ವರ್ಷದ ಉಂಗುರಗಳನ್ನೂ ಎಣಿಸಿ, ಒಂದೊಂದು ಬಗೆಯ ಕಾಡಿನಲ್ಲಿ ಹಿಂದೆ ಎಷ್ಟು ವರ್ಷಕ್ಕೊಮ್ಮೆ ಬೆಂಕಿ ಬರುತ್ತಿತ್ತು ಎಂದು ಗೊತ್ತುಮಾಡಿ, ಕೊನೆಯ ಬೆಂಕಿ ಬಂದು ಈಗ ಎಷ್ಟು ವರ್ಷವಾಯಿತು ಎಂಬುದರೊಡನೆ ಹೋಲಿಸಿ ನಕ್ಷೆ ಮಾಡುತ್ತಾರೆ. ಬೆಂಕಿಯ ಎಷ್ಟು ಸರದಿಗಳು ತಪ್ಪಿಹೋಗಿವೆ ಎಂಬುದರ ನಕ್ಷೆ ಅದು. ಅದರಲ್ಲಿ ಗಾಢ ಬಣ್ಣದ ಜಾಗಕ್ಕೆ ಸಿಡಿಲು ಬಡಿದರೆ, ನಂದಿಸುವುದರಿಂದ ಆಗುವ ನಷ್ಟವೂ ಲೆಕ್ಕಕ್ಕೆ ಬರುತ್ತದೆ.

ಈಗ ನಾಲ್ಕನೆಯ ಪ್ರಶ್ನೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ರಸವತ್ತಾದದ್ದು. ದಾರಿಯಲ್ಲಿ ಬೆಂಕಿಯನ್ನು ತಡೆಯುವಂಥದ್ದು ಏನಿದೆ? ರಸ್ತೆಯಿಲ್ಲದ ಜಾಗದಲ್ಲಿ ನದಿ, ಬಂಡೆ, ಹಿಮದ ಶಿಖರ ಬಿಟ್ಟರೆ ಬೆಂಕಿಗೆ ಇರುವ ಅತಿ ದೊಡ್ಡ ಅಡ್ಡಗಟ್ಟು ಹಳೆಯ ಬೆಂಕಿಯೇ. ಸುಟ್ಟ ಜಾಗದಲ್ಲಿ ಸುಡಲು ಏನೂ ಉಳಿದಿರುವುದಿಲ್ಲ ಎಂಬ ಸರಳ ಸಂಗತಿಯನ್ನು ಕಾಡಿನಲ್ಲಿ ಕೆಲಸ ಮಾಡುವವರು ಮೊದಲಿನಿಂದ ಬಲ್ಲರು. ಎಷ್ಟು ವರ್ಷ ಅದು ಅಡ್ಡಗಟ್ಟಾಗಿ ಉಳಿಯುತ್ತದೆ ಎಂಬುದನ್ನು ಮಾತ್ರ ನಕ್ಷೆಗಳಿಲ್ಲದೆ ಹೇಳಲಾಗುತ್ತಿರಲಿಲ್ಲ.

ಇದಕ್ಕೆ ನೆರವಾದದ್ದು ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ತೆಗೆದ ಚಿತ್ರಗಳ ಸಂಗ್ರಹ. ಹಸಿರೆಲೆ, ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ ಕೆಂಪಿಗೆ ಸಮೀಪದ ಬಗೆಯನ್ನು ಬಹಳವಾಗಿ ಹಿಂದಿರುಗಿಸುತ್ತದೆ, ತನ್ನೊಳಗಿನ ನೀರಿನ ಕಾರಣದಿಂದ ಕಿರುತರಂಗದ ಅವಗೆಂಪನ್ನು ಹೀರಿಕೊಳ್ಳುತ್ತದೆ. ಸುಟ್ಟ ನೆಲ ಇದಕ್ಕೆ ತದ್ವಿರುದ್ಧ. ಹಿಂದಿರುಗಿದ ಈ ಎರಡು ಬಗೆಯ ಬೆಳಕಿನ ವ್ಯತ್ಯಾಸವನ್ನು ಅವೆರಡರ ಮೊತ್ತದಿಂದ ಭಾಗಿಸಿ, ಬೆಂಕಿಗೆ ಮೊದಲಿನ ಚಿತ್ರದ ಅಂಕಿಯಿಂದ ನಂತರದ ಚಿತ್ರದ ಅಂಕಿಯನ್ನು ಕಳೆದರೆ, ಎಲ್ಲಿ ಎಷ್ಟು ತೀವ್ರವಾಗಿ ಸುಟ್ಟಿದೆ ಎಂಬುದರ ಸೂಚಿ ದೊರೆಯುತ್ತದೆ. 1984ರಿಂದ ಇಂದಿನವರೆಗೆ, ಅಮೆರಿಕದ ಪಶ್ಚಿಮದಲ್ಲಿ 1,000 ಎಕರೆ ಮತ್ತು ಪೂರ್ವದಲ್ಲಿ 500 ಎಕರೆ ಮೀರಿದ ಬೆಂಕಿಗಳಿಗೆ ಇಂಥ ನಕ್ಷೆ ಮಾಡಿ ಯಾರು ಬೇಕಾದರೂ ಪಡೆಯುವಂತೆ ಇಟ್ಟಿದ್ದಾರೆ.

ಆ ಸಂಗ್ರಹವನ್ನು ಬಳಸಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಪಶ್ಚಿಮದ ನಾಲ್ಕು ದೊಡ್ಡ ರಕ್ಷಿತ ಪ್ರದೇಶಗಳಲ್ಲಿ ಹೊಸ ಬೆಂಕಿ ಹಳೆಯ ಬೆಂಕಿಯ ಅಂಚಿಗೆ ಬಂದಾಗ ಏನಾಯಿತು ಎಂದು ಪರಿಶೀಲಿಸಿತು. ನಾಲ್ಕರಲ್ಲೂ ಹಳೆಯ ಬೆಂಕಿ ಹೊಸದನ್ನು ತಡೆದಿತ್ತು. ಆದರೆ ಆ ಶಕ್ತಿ ಕಾಲಕ್ರಮದಲ್ಲಿ ಕುಂದುತ್ತಾ, ಜಾಗವನ್ನು ಅನುಸರಿಸಿ 6ರಿಂದ 18 ವರ್ಷಗಳೊಳಗೆ ಇಲ್ಲವಾಗುತ್ತಿತ್ತು. ನ್ಯೂ ಮೆಕ್ಸಿಕೋದ ಬೆಚ್ಚಗಿನ ಒಣ ಗೀಲಾ ಪ್ರದೇಶದಲ್ಲಿ ಬೇಗ, ಉತ್ತರದ ತಂಪು ಕಾಡುಗಳಲ್ಲಿ ನಿಧಾನ. ಬಿಸಿಗಾಳಿಯ ಒಣ ದಿನಗಳಲ್ಲಿ ಹೊಸ ಸುಟ್ಟ ಜಾಗವೂ ಅಷ್ಟಾಗಿ ತಡೆಯಲಿಲ್ಲ. ಯೋಸೆಮಿಟಿಯ ಇಲ್ಲಿಲುವೆಟ್ ಕಣಿವೆಯಲ್ಲಿ ನಡೆದ ಮತ್ತೊಂದು ಅಧ್ಯಯನವೂ ಇದೇ ಮಾತನ್ನು ಹೇಳುತ್ತದೆ: ಎರಡು ಬೆಂಕಿಗಳ ನಡುವಿನ ಅಂತರ 9 ವರ್ಷಕ್ಕಿಂತ ಕಡಿಮೆ ಇದ್ದರೆ ಎರಡನೆಯದು ಮೊದಲನೆಯದರ ಜಾಗಕ್ಕೆ ನುಗ್ಗುವುದು ತೀರ ಅಪರೂಪ. ಆ ಕಣಿವೆಯಲ್ಲಿ 1970ರ ದಶಕದಿಂದ ಸಿಡಿಲಿನ ಬೆಂಕಿಗಳನ್ನು ಬಿಡುತ್ತಾ ಬಂದಿದ್ದಾರೆ. ಹಳೆಯ ವೈಮಾನಿಕ ಚಿತ್ರಗಳನ್ನೂ ಈಗಿನ ಚಿತ್ರಗಳನ್ನೂ ಹೋಲಿಸಿದವರು, ಅಲ್ಲಿ ಮರಗಳ ಪ್ರದೇಶ ಸುಮಾರು ಕಾಲುಭಾಗ ಕಡಿಮೆಯಾಗಿ ಪೊದೆಗಾಡು ಮತ್ತು ಹುಲ್ಲುಗಾವಲು ಹೆಚ್ಚಿರುವುದನ್ನು ಕಂಡಿದ್ದಾರೆ.

ಇದರ ಪರಿಣಾಮವನ್ನು ಯೋಚಿಸಿ. ಈ ವರ್ಷ ನಂದಿಸದೆ ಬಿಟ್ಟ ಬೆಂಕಿ ಮುಂದಿನ ಹತ್ತು ವರ್ಷ ವ್ಯವಸ್ಥಾಪಕನಿಗೆ ಸಿಗುವ ಒಂದು ತಡೆ. ನಂದಿಸಿದ ಬೆಂಕಿ ಅವನು ಕಳೆದುಕೊಂಡ ಒಂದು ತಡೆ. ಬೆಂಕಿ ತನ್ನ ನಕ್ಷೆಯನ್ನು ತಾನೇ ಬರೆಯುತ್ತಿರುತ್ತದೆ, ಆ ಬರಹಕ್ಕೆ ತಾರೀಖನ್ನು ಹಾಕಿ ಇಡುವುದಷ್ಟೇ ನಮ್ಮ ಪಾಲಿನ ಕೆಲಸ. ಆ ತಾರೀಖು ಬಹಳ ಮುಖ್ಯ. ಮೂರು ವರ್ಷದ ಹಿಂದಿನ ಬೆಂಕಿಯನ್ನು ಕಾಣದ ಇಂಧನ ಪದರ, ಬೂದಿಯ ಮೇಲೆ ದಟ್ಟ ಕಾಡನ್ನು ತೋರಿಸುತ್ತದೆ. ಅದರ ಮೇಲೆ ಓಡಿಸಿದ ಸಾವಿರ ಓಟಗಳೂ ಅಷ್ಟೇ ಸುಳ್ಳು. ಆದ್ದರಿಂದ ಋತು ಶುರುವಾಗುವ ಮೊದಲೇ, ಹೊಸ ಸುಟ್ಟ ಜಾಗಗಳನ್ನು ಇಂಧನ ಪದರದಲ್ಲಿ ತಿದ್ದಿ ಇಡಬೇಕೆಂದು ನಾನು ಹಠ ಹಿಡಿಯುತ್ತೇನೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರ ಗಾದೆ ನಿಮಗೆ ಗೊತ್ತಿದೆ. ಹೊಗೆ ಕಂಡ ದಿನ ಪದರ ತಿದ್ದಲು ಕೂತವರದೂ ಅದೇ ಕಥೆ.

ನಕ್ಷೆಯ ತಪ್ಪುಗಳ ಬಗ್ಗೆ ಮಾತು ಬಂದದ್ದರಿಂದ, ವಿಷಯದಿಂದ ಸ್ವಲ್ಪ ಬದಿಗೆ ಸರಿದು ಎರಡು ಸಣ್ಣ ಸಂಗತಿಗಳನ್ನು ಹೇಳುತ್ತೇನೆ. ಇವು ಯಾವ ಸಿದ್ಧಾಂತಕ್ಕೂ ಸೇರಿದವಲ್ಲ, ಆದರೆ ಬೆಂಕಿಯ ದಿನ ಇವೇ ಮೊದಲು ಕಾಡುತ್ತವೆ. ಅಮೆರಿಕದ ಹಳೆಯ ಕಾಗದದ ನಕ್ಷೆಗಳು 1927ರ ಮಾನಬಿಂದುವನ್ನು, ಅಂದರೆ ಸ್ಥಾನಗಳನ್ನು ಅಳೆಯಲು ಆಗ ಒಪ್ಪಿಕೊಂಡ ಆಧಾರ ಚೌಕಟ್ಟನ್ನು, ಆಧರಿಸಿವೆ, ಈಗಿನ ದತ್ತಾಂಶ 1983ರದನ್ನು. ಎರಡನ್ನೂ ಅರಿಯದೆ ಬೆರೆಸಿದರೆ ಸ್ಥಾನವನ್ನು ಮೀಟರ್‌ಗಳಲ್ಲಿ ಹೇಳುವ ಯುಟಿಎಂ ಜಾಲದ ಮೇಲೆ ಒಂದು ಬಿಂದು ಉತ್ತರ-ದಕ್ಷಿಣವಾಗಿ ಸುಮಾರು 200 ಮೀಟರ್ ಜರುಗುತ್ತದೆ, ಅಂದರೆ ಶಿಖರದ ಈ ಮಗ್ಗುಲಿನ ಬೆಂಕಿ ಆ ಮಗ್ಗುಲಿಗೆ ಹೋಗಿ ಕೂರಬಹುದು. ಎರಡನೆಯದು, ಪೈಲಟ್‌ಗಳು ಅಕ್ಷಾಂಶವನ್ನು ಡಿಗ್ರಿ ಮತ್ತು ನಿಮಿಷಗಳಲ್ಲಿ ಹೇಳುತ್ತಾರೆ, ಗಣಕ ದಶಮಾಂಶ ಡಿಗ್ರಿಗಳಲ್ಲಿ ಬರೆಯುತ್ತದೆ. 45 ಡಿಗ್ರಿ 30 ನಿಮಿಷ ಎಂದದ್ದನ್ನು 45.30 ಎಂದು ಬರೆದುಕೊಂಡರೆ 12 ನಿಮಿಷಗಳ ವ್ಯತ್ಯಾಸ ಬರುತ್ತದೆ, ನೆಲದ ಮೇಲೆ ಅದು ಸುಮಾರು 22 ಕಿಲೋಮೀಟರ್.

ಉಪಗ್ರಹಗಳು ಶಾಖ ಕಂಡ ಕಡೆ ನಕ್ಷೆಯ ಮೇಲೆ ಇಡುವ ಬಿಸಿ ಚುಕ್ಕಿಗಳ ಬಗ್ಗೆಯೂ ಇಂಥದೇ ಎಚ್ಚರ ಬೇಕು. ಮೋಡಿಸ್ ಸಂವೇದಕದ ಚುಕ್ಕಿ 1 ಕಿಲೋಮೀಟರ್ ಚೌಕದ ನಡುಬಿಂದು, ವೀರ್ಸ್ ಸಂವೇದಕದ್ದು 375 ಮೀಟರ್ ಚೌಕದ್ದು. ಆ ಚೌಕದೊಳಗೆ ಎಲ್ಲೋ ಬಿಸಿ ಇದೆ ಎಂದಷ್ಟೇ ಅದು ಹೇಳುತ್ತದೆ. ಬೆಂಕಿಯ ಅಂಚು ಆ ಚುಕ್ಕಿಯ ಮೇಲೆಯೇ ಇದೆ ಎಂದಲ್ಲ. ಗಡಿಯಿಂದ 200 ಮೀಟರ್ ಆಚೆ ಬಿದ್ದ ಚುಕ್ಕಿಯನ್ನು ನೋಡಿ ಬೆಂಕಿ ವನ್ಯಪ್ರದೇಶವನ್ನು ದಾಟಿತೆಂದು ಘೋಷಿಸುವುದು ಅವಸರವಾಗುತ್ತದೆ. ನಿಖರವಾದ ಅಂಚು ಬೇಕಾದರೆ ರಾತ್ರಿಯ ಹೊತ್ತು ಅವಗೆಂಪು ಕ್ಯಾಮೆರಾ ಹೊತ್ತು ಹಾರುವ ವಿಮಾನಗಳ ನಕ್ಷೆಯನ್ನೇ ಕಾಯಬೇಕು.

ಗಡಿ ಎಂಬ ಮಾತನ್ನು ಇಷ್ಟು ಹೊತ್ತು ಸಹಜವೆಂಬಂತೆ ಬಳಸಿದೆ, ಆದರೆ ವನ್ಯಪ್ರದೇಶದ ಗಡಿ ಕಾನೂನು ಎಳೆದ ಗೆರೆ. ಎಷ್ಟೋ ಕಡೆ ಅದು ಇಳಿಜಾರಿನ ನಡುವೆ, ಒಂದೇ ಕಾಡನ್ನು ಎರಡಾಗಿ ಸೀಳಿ ಹಾದುಹೋಗುತ್ತದೆ. ಅಂಥ ಗೆರೆಯ ಮೇಲೆ ಬೆಂಕಿಯನ್ನು ನಿಲ್ಲಿಸಲು ಯಾರಿಂದಲೂ ಸಾಧ್ಯವಿಲ್ಲ. ಈಚೆಗೆ ಅಮೆರಿಕದ ಹಲವು ರಾಷ್ಟ್ರೀಯ ಅರಣ್ಯಗಳಲ್ಲಿ ಪಾಡ್ ಎಂದು ಕರೆಯುವ ಹೊಸ ಬಗೆಯ ವಿಭಾಗಗಳನ್ನು ಗುರುತಿಸುತ್ತಿದ್ದಾರೆ. ಇವುಗಳ ಅಂಚುಗಳು ರಸ್ತೆ, ನದಿ, ಏಣು (ಬೆಟ್ಟದ ನೆತ್ತಿಯ ಸಾಲು), ಹಳೆಯ ಸುಟ್ಟ ಜಾಗ ಹೀಗೆ ಬೆಂಕಿ ನಿಜವಾಗಿ ನಿಲ್ಲಬಹುದಾದ ಕಡೆ ಇರುತ್ತವೆ. ಆ ಊರಿನ ಕಾಡನ್ನು ಬಲ್ಲ ಸಿಬ್ಬಂದಿ, ವಿಶ್ಲೇಷಕರ ಜೊತೆ ಒಂದೇ ಮೇಜಿನ ಸುತ್ತ ಕುಳಿತು, ಬೆಂಕಿಯಿಲ್ಲದ ಕಾಲದಲ್ಲಿ ಆ ಗೆರೆಗಳನ್ನು ಎಳೆಯುತ್ತಾರೆ. ವನ್ಯಪ್ರದೇಶದೊಳಗಿನ ಬೆಂಕಿಗೆ, ಕಾನೂನಿನ ಗಡಿಯಿಂದ ಎಷ್ಟು ಹಿಂದೆ ಅಥವಾ ಎಷ್ಟು ಮುಂದೆ ಹೋಗಿ ಕಾಯಬೇಕು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಇದೇ. ಯಂತ್ರದ ಗರಗಸವಿಲ್ಲದೆ, ಬುಲ್ಡೋಜರ್ ಇಲ್ಲದೆ, ಅಡ್ಡ ಗರಗಸ ಮತ್ತು ಕೈಗುದ್ದಲಿಯಿಂದ ಬೆಂಕಿ ರೇಖೆ ಕಡಿಯಬೇಕಾದ ಜಾಗದಲ್ಲಿ ಈ ಗೆರೆ ಸರಿಯಾದ ಏಣಿನ ಮೇಲಿರುವುದು ಬರಿಯ ಅನುಕೂಲದ ಮಾತಲ್ಲ, ಅಲ್ಲಿ ಕೆಲಸ ಮಾಡುವವರ ಜೀವದ ಮಾತು.

ಕೊನೆಯದಾಗಿ ಬ್ಯಾಡ್ ಲಕ್ ತೊರೆಯ ಬೆಂಕಿಗೆ ಮರಳುತ್ತೇನೆ. ಇಂದು ಅಂಥದೇ ಬೆಂಕಿ ಹುಟ್ಟಿ ಅಷ್ಟಕ್ಕೇ ಆರಿದರೆ ಅದು ನಮ್ಮ ದತ್ತಾಂಶದಲ್ಲಿ ಎಲ್ಲಿರುತ್ತದೆ ಎಂದು ಹುಡುಕಿ ನೋಡಿ. ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಅದು 30 ಮೀಟರಿನ ನಾಲ್ಕೈದು ಚೌಕಗಳನ್ನೂ ತುಂಬುವುದಿಲ್ಲ, ತೀವ್ರತೆಯ ನಕ್ಷೆಗಳ 1,000 ಎಕರೆಯ ಮಿತಿಗೆ ಅದು ಹತ್ತಿರವೂ ಬರುವುದಿಲ್ಲ. ಉಳಿಯುವುದು ಬೆಂಕಿ ಹುಟ್ಟಿದ ಜಾಗದ ಒಂದು ಬಿಂದು. 1992ರಿಂದೀಚೆಗಿನ ಅಂಥ ಬಿಂದುಗಳನ್ನು ರಾಷ್ಟ್ರಮಟ್ಟದಲ್ಲಿ ಕ್ರೋಡೀಕರಿಸಿದ್ದಾರೆ. ಆದರೆ ಒಂದು ಚದರ ಮೈಲಿಯ ತುಂಡಿನಷ್ಟು ನಿಖರತೆ ಇದ್ದರೂ ಬಿಂದುವನ್ನು ಅದರೊಳಗೆ ಸೇರಿಸಿಕೊಳ್ಳುತ್ತಾರೆ. ಒಂದು ಚದರ ಮೈಲಿಯೊಳಗೆ ತೊರೆಯ ದಡವೂ ಇರಬಹುದು, ಶಿಖರವೂ ಇರಬಹುದು. ಬಿಟ್ಟ ಬೆಂಕಿಗಳಲ್ಲಿ ಹೆಚ್ಚಿನವು ಹೀಗೆ ಸಣ್ಣದಾಗಿಯೇ ಆರುತ್ತವೆ. ಯಾವ ಇಳಿಜಾರಿನಲ್ಲಿ, ಯಾವ ಮರದ ಕೆಳಗೆ, ಯಾವ ತಿಂಗಳಲ್ಲಿ ಆರಿದವು ಎಂಬುದರ ದಾಖಲೆ ಇದ್ದರೆ, ಮುಂದಿನ ಸಿಡಿಲಿನ ದಿನ ವ್ಯವಸ್ಥಾಪಕನ ಕೈಯಲ್ಲಿ ಅದಕ್ಕಿಂತ ಬಲವಾದ ಪುರಾವೆ ಬೇರೆ ಇರುವುದಿಲ್ಲ. ನಿಮ್ಮಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಹೋಗುವವರಿದ್ದರೆ, ಆರಿದ ಬೆಂಕಿಯ ಹತ್ತಿರ ಹೋಗಿ ನಿಂತು, ಅಕ್ಷಾಂಶ ರೇಖಾಂಶಗಳನ್ನು ಮಾನಬಿಂದುವಿನ ಹೆಸರಿನೊಡನೆ ಬರೆದುಕೊಂಡು ಬನ್ನಿ.